ಮನೆಯ ರೂಟರ್ ಕೆಟ್ಟಿತೆ? ಮೊದಲು ಅಡಾಪ್ಟರ್ ನೋಡಿ

ಮನೆಯ ದೀಪ ಆರಿಹೋದರೆ ನಾವು ಮೊದಲು ಫ್ಯೂಜ್ ನೋಡುತ್ತೇವೆ. ಆದರೆ ಇಂಟರ್‌ನೆಟ್ ನಿಂತರೆ ಏನನ್ನೂ ನೋಡದೆ ರೂಟರ್ ಎಂಬ ಆ ಪುಟ್ಟ ಪೆಟ್ಟಿಗೆಯನ್ನೇ ದೂರುತ್ತೇವೆ. ನಾನೂ ಹಾಗೆ ಮಾಡಿ ದಂಡ ತೆತ್ತವನು.

ಕಳೆದ ಬೇಸಗೆಯಲ್ಲಿ ನನ್ನ ಮಗಳಿಗೆ ಮನೆಯಿಂದಲೇ ಕೆಲಸದ ಸಂದರ್ಶನವಿತ್ತು. ಮಾತಿನ ನಡುವೆ ಸಂಪರ್ಕ ಕಡಿಯಿತು. ಎರಡು ನಿಮಿಷದಲ್ಲಿ ತಾನಾಗಿ ಬಂದಿತು, ಮತ್ತೆ ಕಡಿಯಿತು. ಸಂದರ್ಶನ ಅಲ್ಲಿಗೇ ಮುಗಿಯಿತು. ಅಂದೇ ಸಂಜೆ ಹೊಸ ರೂಟರ್ ತಂದೆ. ಹಳೆಯದನ್ನು ಗುಜರಿಗೆ ಹಾಕಬೇಕೆನ್ನುವಷ್ಟರಲ್ಲಿ ನೆರೆಮನೆಯ ಹುಡುಗ ಅದಕ್ಕೆ ಬೇರೊಂದು ಅಡಾಪ್ಟರ್ ಸಿಕ್ಕಿಸಿ ನೋಡಿದ. ಇಡೀ ದಿನ ಅದು ಒಮ್ಮೆಯೂ ನಿಲ್ಲಲಿಲ್ಲ. ಕೆಟ್ಟಿದ್ದುದು ರೂಟರ್ ಅಲ್ಲ, ಅದಕ್ಕೆ ವಿದ್ಯುತ್ ಉಣಿಸುವ ಅಡಾಪ್ಟರ್!

ಇದಕ್ಕೆ ಕಾರಣವುಂಟು. ಅಡಾಪ್ಟರಿನೊಳಗೆ ಕೆಪಾಸಿಟರ್ ಎಂಬ ಭಾಗಗಳಿವೆ. ಹಗಲಿರುಳೂ ಬಿಸಿಯಲ್ಲಿದ್ದು ಕೆಲವು ವರ್ಷಗಳಲ್ಲಿ ಅವುಗಳ ಒಳಗಿನ ದ್ರವ ಒಣಗುತ್ತದೆ. ಆಗ ಸುಮ್ಮನೆ ಮೀಟರ್ ಹಿಡಿದರೆ ೧೨ ವೋಲ್ಟ್ ಸರಿಯಾಗಿಯೇ ತೋರುತ್ತದೆ. ರೂಟರಿಗೆ ಕೆಲಸ ಹೆಚ್ಚಿದೊಡನೆ ವೋಲ್ಟೇಜ್ ಕುಸಿದು, ರೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಬೇರೆ ಅಡಾಪ್ಟರ್ ಹಾಕುವಾಗ ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಮೆ ಕೂಡದು. ಧನ-ಋಣದ ಗುರುತು ಹೊಂದಬೇಕು.

ಯಾವುದು ಕೆಟ್ಟಿದೆಯೆಂದು ಮುಂಭಾಗದ ದೀಪಗಳೇ ಹೇಳುತ್ತವೆ. ಎಲ್ಲ ದೀಪಗಳೂ ಒಟ್ಟಿಗೆ ಆರಿ ಹೊತ್ತಿದರೆ ಮೊದಲು ಅಡಾಪ್ಟರನ್ನೂ ಸಾಕೆಟ್ಟಿನ ಸಡಿಲವನ್ನೂ ನೋಡಿ. ಗಾಜಿನ ಎಳೆಯ ಸಂಪರ್ಕವಿರುವ ಮನೆಗಳಲ್ಲಿ ‘ಎಲ್.ಓ.ಎಸ್.’ ಎಂಬ ಕೆಂಪು ದೀಪ ಹತ್ತಿದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ಎಳೆ ಎಲ್ಲಿಯಾದರೂ ಮಡಿಚಿದೆಯೇ, ಮೇಜಿನ ಕಾಲಿಗೆ ಸಿಕ್ಕಿದೆಯೇ ನೋಡಿ. ಇಲ್ಲವಾದರೆ ಕಂಪೆನಿಗೆ ತಿಳಿಸಿ. ಎಳೆಯ ತುದಿಯೊಳಗೆ ಮಾತ್ರ ಇಣುಕಬೇಡಿ. ಅಲ್ಲಿ ಬರುವ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಹಾನಿ ಮಾಡೀತು.

ದೀಪಗಳೆಲ್ಲ ಸರಿಯಿದ್ದೂ ಮೊಬೈಲಿನಲ್ಲಿ ಸಂಪರ್ಕವಿಲ್ಲದಿದ್ದರೆ, ಒಂದು ಕಂಪ್ಯೂಟರನ್ನು ತಂತಿಯಿಂದಲೇ ರೂಟರಿಗೆ ಸೇರಿಸಿ. ತಂತಿಯಲ್ಲಿ ಬಂದರೆ ದೋಷ ವೈಫೈ ಭಾಗದಲ್ಲಿದೆ. ತಂತಿಯಲ್ಲಿ ಬಂದರೂ ವೇಗ ಬಹಳ ಕಡಮೆಯೆ? ಆಗ ಬೇರೆ ತಂತಿ ಹಾಕಿ ನೋಡಿ. ಆ ತಂತಿಯೊಳಗೆ ಎಂಟು ಎಳೆಗಳಿವೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, ೧೦೦ ಮೆಗಾಬಿಟ್‌ಗೆ ನಾಲ್ಕು ಸಾಕು. ಹೀಗಾಗಿ ಉಳಿದ ನಾಲ್ಕರಲ್ಲಿ ಒಂದು ತುಂಡಾದರೆ ಸಂಪರ್ಕ ನಿಲ್ಲದೆ ವೇಗ ಮಾತ್ರ ಇಳಿಯುವುದುಂಟು. ತಂತಿ ಬದಲಿಸಿದರೂ ಒಂದೇ ಕಿಂಡಿ ಸತ್ತಂತಿದ್ದು ಉಳಿದವು ನಡೆಯುತ್ತಿದ್ದರೆ, ಆ ಕಿಂಡಿ ಕೆಟ್ಟಿದೆಯೆಂದು ತಿಳಿಯಬಹುದು.

ಮುಂಗಾರಿಗೆ ಮೊದಲಿನ ಗುಡುಗು ಮಳೆ ರೂಟರಿಗೆ ದೊಡ್ಡ ಶತ್ರು. ಗಾಜಿನ ಎಳೆ ಸಿಡಿಲಿನ ವಿದ್ಯುತ್ತನ್ನು ಒಯ್ಯದು, ಆದರೆ ಕರೆಂಟಿನ ತಂತಿ ಒಯ್ಯುತ್ತದೆ. ಮೋಡ ಕವಿದಾಗಲೇ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡುವುದು ಒಳಿತು. ರೂಟರನ್ನು ಬಟ್ಟೆ ಹೊದಿಸದೆ, ಬೀರುವಿನಲ್ಲಿ ಮುಚ್ಚದೆ, ಗಾಳಿಯಾಡುವ ಕಡೆ ಇಡಿ. ಹಿಂಬದಿಯ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಿ ಹಿಡಿಯುವ ಚಪಲ ಬೇಡ. ರೂಟರಿನಲ್ಲಿ ಬರೆದಿಟ್ಟ ವಿವರಗಳೆಲ್ಲ ಅಳಿಸಿಹೋಗುತ್ತವೆ, ಕೆಟ್ಟ ಅಡಾಪ್ಟರ್ ಅದರಿಂದ ಸರಿಯಾಗದು.

ಮಗಳಿಗೆ ಆ ಸಂದರ್ಶನ ಮತ್ತೆ ದೊರೆಯಲಿಲ್ಲ. ಈಗ ನಮ್ಮ ಮೇಜಿನ ಡ್ರಾಯರಿನಲ್ಲಿ ಟಾರ್ಚಿನ ಪಕ್ಕದಲ್ಲಿ ಇನ್ನೊಂದು ಅಡಾಪ್ಟರ್ ಸದಾ ಸಿದ್ಧವಾಗಿರುತ್ತದೆ.