ಗಾಳಿಗಿಂತ ಮುಂಚೆ ಹಾಯಿ ಇಳಿಯಬೇಕು

2025ರ ಜನವರಿಯಲ್ಲಿ ‘ತಾರಿಣಿ’ ನ್ಯೂಜಿಲೆಂಡಿನ ಲಿಟಲ್ಟನ್ ಬಂದರು ಬಿಟ್ಟಾಗ ಅದರಲ್ಲಿದ್ದವರು ಇಬ್ಬರೇ: ಭಾರತೀಯ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಗೋವಾದಲ್ಲಿ ಕಟ್ಟಿದ, ಸುಮಾರು 17 ಮೀಟರ್ ಉದ್ದದ ಹಾಯಿದೋಣಿ ಅದು. ಮುಂದಿನ ನಿಲ್ದಾಣ ಫಾಕ್‌ಲೆಂಡ್ ದ್ವೀಪಸಮೂಹ. ನಡುವೆ ಇಡೀ ದಕ್ಷಿಣ ಪೆಸಿಫಿಕ್, ಆಮೇಲೆ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್. ದಾರಿಯಲ್ಲಿ ಅವರು ಹಾದುಹೋದ ‘ಪಾಯಿಂಟ್ ನೀಮೊ’ದಿಂದ ಯಾವ ದಿಕ್ಕಿಗೆ ಹೊರಟರೂ 2,600 ಕಿಲೋಮೀಟರ್‌ಗೂ ಹೆಚ್ಚು ದೂರ ನೆಲವೇ ಸಿಗದು.

ಆ ಕಡಲಿನಲ್ಲಿ ಗಾಳಿಗೆ ಅಡ್ಡ ಬರುವ ಭೂಮಿ ಇಲ್ಲವೆನ್ನುವಷ್ಟು ಕಡಿಮೆ. ವಾಯುಭಾರ ಕುಸಿತಗಳು ಒಂದರ ಹಿಂದೊಂದು ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಲೇ ಇರುತ್ತವೆ. ದಕ್ಷಿಣಾರ್ಧಗೋಳದಲ್ಲಿ ಕುಸಿತದ ಸುತ್ತ ಗಾಳಿ ಪ್ರದಕ್ಷಿಣೆಯಾಗಿ ಸುತ್ತುತ್ತದೆ. ಹಾಗಾಗಿ ಪೂರ್ವಕ್ಕೆ ಹೊರಟ ದೋಣಿ ಅದರ ಉತ್ತರಕ್ಕಿದ್ದರೆ ಪಶ್ಚಿಮದ ಗಾಳಿ ಹಿಂದಿನಿಂದ ನೂಕುತ್ತದೆ. ದಕ್ಷಿಣಕ್ಕೆ ಸಿಕ್ಕಿಕೊಂಡರೆ ಎದುರುಗಾಳಿ. ತೀರಾ ಉತ್ತರಕ್ಕೆ ಸರಿದರೂ ಕಷ್ಟವೇ, ಅಲ್ಲಿ ಅಧಿಕ ಒತ್ತಡದ ವಲಯದಲ್ಲಿ ಗಾಳಿಯೇ ಇಲ್ಲದೆ ತೇಲುತ್ತಾ ಕೂರಬೇಕಾದೀತು. ಏಳೆಂಟು ನಾಟ್ ವೇಗದ ದೋಣಿ ಕುಸಿತಕ್ಕಿಂತ ಮುಂದೆ ಓಡಿ ಪಾರಾಗುವುದಂತೂ ಆಗದ ಮಾತು. ಉಪಗ್ರಹದ ಮೂಲಕ ಬರುವ ಮುನ್ಸೂಚನೆ ನೋಡಿ ಎರಡು ಮೂರು ದಿನ ಮೊದಲೇ ಪಕ್ಕಕ್ಕೆ ಸರಿಯಬಹುದು, ಇಲ್ಲವೇ ಬೇಕೆಂದೇ ನಿಧಾನಿಸಿ ಅದನ್ನು ಮುಂದೆ ಹೋಗಲು ಬಿಡಬಹುದು.

ಹವಾಮಾನದ ಇಂಥ ತೀರ್ಮಾನಗಳಲ್ಲಿ ನಿದ್ದೆ ಮತ್ತು ಊಟಕ್ಕೂ ಪಾಲಿದೆ.

ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಪಾಳಿಯಲ್ಲಿದ್ದಾಗ ಇನ್ನೊಬ್ಬರು ಮಲಗಲೇಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಮಡಿಯಾಗುತ್ತದೆ. ಆಗ ಹಾಯಿ ಕುಗ್ಗಿಸಲು ಮಲಗಿದವರನ್ನೂ ಎಬ್ಬಿಸಬೇಕು. ಎದ್ದವರು ಮೈಗೆ ತೊಟ್ಟ ಸುರಕ್ಷತಾ ಪಟ್ಟಿಯನ್ನು ಡೆಕ್ಕಿನ ಉದ್ದಕ್ಕೂ ಬಿಗಿದ ಹಗ್ಗಕ್ಕೆ ಸಿಕ್ಕಿಸಿಕೊಂಡು ಕತ್ತಲಲ್ಲಿ ಹಾಯಿಕಂಬದ ಬುಡಕ್ಕೆ ಹೋಗಬೇಕು, ಹಾಯಿಯನ್ನು ಮೇಲೆಳೆದ ಹಗ್ಗವನ್ನು ಒಂದಷ್ಟು ಸಡಿಲಿಸಿ, ಇಳಿದ ಹಾಯಿಯ ಅಂಚಿನ ಕಣ್ಣನ್ನು ಕೊಕ್ಕೆಗೆ ಸಿಕ್ಕಿಸಿ, ಮತ್ತೆ ಬಿಗಿಯಬೇಕು. ನೆಂದ ಕೈ, ವಾಲುವ ನೆಲ. ಅದಕ್ಕೇ ಅನುಭವಿಗಳು ಪಾಳಿ ಬದಲಾಗುವ ಹೊತ್ತಿಗೆ, ಇಬ್ಬರೂ ಎಚ್ಚರವಿರುವಾಗಲೇ ಈ ಕೆಲಸ ಮುಗಿಸುತ್ತಾರೆ. ಬ್ಯಾರೋಮೀಟರ್ ಇಳಿಯತೊಡಗಿದ ಕೂಡಲೇ ಬಿಸಿ ಅಡುಗೆಯೂ ಆಗಬೇಕು. ದೋಣಿ ವಾಲಿದರೂ ಮಟ್ಟವಾಗಿ ನಿಲ್ಲುವಂತೆ ತೂಗುಹಾಕಿದ ಒಲೆ ಇರುತ್ತದೆ ನಿಜ, ಆದರೆ ಬಿರುಗಾಳಿ ಶುರುವಾದ ಮೇಲೆ ಅದರ ಮೇಲೆ ನೀರು ಕುದಿಸುವುದೇ ಅಪಾಯ. ಸಮುದ್ರಯಾನದ ಜಾಣತನವೆಲ್ಲ ಇಂಥ ಸಣ್ಣ ಮುಂಜಾಗ್ರತೆಗಳಲ್ಲಿದೆ.

ಎಲ್ಲ ಮುಂಜಾಗ್ರತೆಯನ್ನೂ ಮೀರಿ ಬರುವ ದಿನಗಳೂ ಉಂಟು. 2018ರ ಸೆಪ್ಟೆಂಬರ್‌ನಲ್ಲಿ ಒಬ್ಬರೇ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿದ್ದ ಭಾರತೀಯ ನಾವಿಕ ಅಭಿಲಾಷ್ ಟಾಮಿಯವರ ಪುಟ್ಟ ದೋಣಿಯ ಹಾಯಿಕಂಬವನ್ನು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಮುರಿದುಹಾಕಿತು. ಬೆನ್ನಿಗೆ ಪೆಟ್ಟಾಗಿ ಮಲಗಿದಲ್ಲೇ ಇದ್ದ ಅವರನ್ನು ಮೂರು ದಿನಗಳ ಬಳಿಕ ಫ್ರಾನ್ಸಿನ ‘ಒಸಿರಿಸ್’ ಹಡಗು ರಕ್ಷಿಸಿತು. 1968ರ ಕಾಲದ ಸಲಕರಣೆಗಳಲ್ಲೇ ಸಾಗಬೇಕಾದ ಸ್ಪರ್ಧೆ ಅದು. ಮುಂದಿನ ಆವೃತ್ತಿಯಲ್ಲಿ ಮತ್ತೆ ಹೊರಟ ಟಾಮಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಅಂಥ ಧೈರ್ಯವನ್ನು ಎಷ್ಟು ಮೆಚ್ಚಿಕೊಂಡರೂ ಕಡಿಮೆಯೇ.

ಕುಸಿತ ದಾಟುವಾಗ ವಾಯವ್ಯದ ಗಾಳಿ ಹಠಾತ್ತನೆ ನೈರುತ್ಯಕ್ಕೆ ತಿರುಗುತ್ತದೆ, ಚಳಿ ಏರುತ್ತದೆ, ಬ್ಯಾರೋಮೀಟರ್ ಮೇಲೇಳುತ್ತದೆ. ಆದರೆ ಗಂಡಾಂತರ ಕಳೆಯಿತೆಂದು ಹಾಯಿ ಪೂರ್ತಿ ಬಿಚ್ಚುವಂತಿಲ್ಲ. ಹಳೆಯ ಅಲೆಗಳಿಗೆ ಹೊಸ ಅಲೆಗಳು ಅಡ್ಡಲಾಗಿ ಬಡಿದು ದೋಣಿ ಮಗುಚುವ ಭಯ ಹೆಚ್ಚಿರುವುದು ಆಗಲೇ. ಹಗ್ಗ ಎಲ್ಲಿ ಸವೆದಿದೆ, ಹಾಯಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಒಬ್ಬರು ತಡಕುತ್ತಿರುವಾಗ ಇನ್ನೊಬ್ಬರು ಮುಂದಿನ ಕುಸಿತದ ನಕ್ಷೆ ತೆರೆದಿರುತ್ತಾರೆ.