ಬಾಣಸವಾಡಿಯ ಬಾವಿ: ಅನಿಶ್ಚಯದಲ್ಲಿ ನಿರ್ಣಯ

ಬಾವಿ ತೋಡಿಸುವವನು ಮೊದಲು ಕೇಳುವುದು ನೀರು ಎಲ್ಲಿದೆಯೆಂದು. ಬೆಂಗಳೂರು ದಂಡುಪ್ರದೇಶದ ಈಶಾನ್ಯಕ್ಕಿರುವ ಬಾಣಸವಾಡಿಯಲ್ಲಿ ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರವು ದೊರೆಯಲಾರದು. ಇಲ್ಲಿಯ ತಳಶಿಲೆ ನೈಸ್ ಎಂಬ ಕಠಿಣಶಿಲೆ. ಅದರ ಒಡಲಲ್ಲಿ ನೀರು ನಿಲ್ಲದು. ಮೇಲಣ ಶಿಥಿಲ ಪದರದಲ್ಲಿಯೂ ಕೆಳಗಣ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವುದು. ಒಂದು ನಿವೇಶನದಲ್ಲಿ ನೀರು ಚಿಮ್ಮಿದರೆ ಪಕ್ಕದ ನಿವೇಶನದಲ್ಲಿ ಬರಿಯ ಕಲ್ಲುಪುಡಿ ಹಾರುವುದುಂಟು.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಮರಗಳನ್ನೂ ಹುತ್ತಗಳನ್ನೂ ಅಂತರ್ಜಲದ ಕುರುಹುಗಳೆಂದು ಹೇಳಿದ್ದಾನೆ. ಇದನ್ನು ಕಂಡು ನಗುವುದು ಸುಲಭ. ಆದರೆ ಇಂದಿನ ವಿದ್ಯುತ್‌ರೋಧ ಮಾಪನವೂ ಕುರುಹಿನಿಂದ ಊಹಿಸುವ ವಿಧಾನವೇ. ನೀರುಂಡ ಶಿಥಿಲಶಿಲೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಜೇಡಿಮಣ್ಣಿನಲ್ಲಿಯೂ ಹಾಗೆಯೇ ಹರಿಯುತ್ತದೆ.

ಹಿಂದೆ ತೆರೆದ ಬಾವಿಯನ್ನು ತೋಡುತ್ತಿದ್ದ ಮಣ್ಣುವಡ್ಡರಿಗೆ ದಿನದಿನದ ಮಣ್ಣೇ ಮರುದಿನದ ನಿರ್ಣಯಕ್ಕೆ ಆಧಾರವಾಗಿತ್ತು. ಕೊಳವೆ ಬಾವಿಯ ಯಂತ್ರವಾದರೋ ಒಂದೆರಡು ದಿನಗಳಲ್ಲಿಯೇ ನೂರಾರು ಅಡಿ ಇಳಿಯುತ್ತದೆ. ಆದುದರಿಂದ ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಆರುನೂರು ಅಡಿ ಕೊರೆದರೂ ನೀರಿಲ್ಲ. ಇನ್ನು ಮುನ್ನೂರು ಅಡಿಗೆ 1 ಲಕ್ಷ ರೂಪಾಯಿ ವೆಚ್ಚ. ನೀರು ಸಿಕ್ಕಿದರೆ ಮನೆಯವರಿಗೆ ಅದರ ಬೆಲೆ 4 ಲಕ್ಷ. ಆಗ ನೀರು ದೊರೆಯುವ ಸಂಭವ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಾಗಿದ್ದರೆ ಮುಂದುವರಿಯಬಹುದು, ಕಡಮೆಯಾದರೆ ನಿಲ್ಲಿಸಬೇಕು. ಸಂಭವವು ಇಷ್ಟೇ ಎಂದು ಕರಾರುವಾಕ್ಕಾಗಿ ತಿಳಿಯಬೇಕಾಗಿಲ್ಲ. ಈ ಗೆರೆಯ ಮೇಲೋ ಕೆಳಗೋ ಎಂದು ತಿಳಿದರೆ ಸಾಕು. ಮಾಪನಕ್ಕೆ ಹಣ ಕೊಡುವುದು ಕೂಡ ಅದರ ಫಲದಿಂದ ನಿರ್ಣಯವು ಬದಲಾಗುವಂತಿದ್ದರೆ ಮಾತ್ರ ಸಾರ್ಥಕ. ಕಠಿಣಶಿಲೆಯಲ್ಲಿ ಆಳಕ್ಕಿಳಿದಂತೆ ಬಿರುಕುಗಳು ಸಾಮಾನ್ಯವಾಗಿ ವಿರಳವಾಗುತ್ತವೆ. ಅಡಿಯೊಂದರ ದರವೋ ಏರುತ್ತದೆ. ಆರುನೂರು ಅಡಿಗೆ ಈಗಾಗಲೇ ಸುರಿದ ಹಣವು ಈ ಲೆಕ್ಕದಲ್ಲಿ ಬರಲೇಕೂಡದು. ಆದರೆ 'ಇಷ್ಟು ಖರ್ಚಾಯಿತು, ಇನ್ನೊಂದು ನೂರಡಿ ನೋಡೋಣ' ಎಂಬ ಮಾತಿನಿಂದಲೇ ಎಷ್ಟೋ ಸಂಸಾರಗಳು ಸಾಲಕ್ಕೆ ಸಿಲುಕಿವೆ.

ಈ ಲೆಕ್ಕಕ್ಕೆ ಒಂದು ಮಿತಿಯುಂಟು. ಬಿರುಕಿಗೆ ನಿವೇಶನದ ಗಡಿ ತಿಳಿಯದು. ನನ್ನ ಬಾವಿಯ ಲಾಭವು ನೆರೆಯವನ ನಷ್ಟವಾಗಬಹುದು. 2024ರ ಬೇಸಗೆಯಲ್ಲಿ ನಗರದ ಬಹುಸಂಖ್ಯೆಯ ಕೊಳವೆ ಬಾವಿಗಳು ಬತ್ತಿದುವು. ಕರ್ನಾಟಕದ 2011ರ ಅಂತರ್ಜಲ ಅಧಿನಿಯಮವು ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿಯನ್ನೂ ಇರುವ ಬಾವಿಗೆ ನೋಂದಣಿಯನ್ನೂ ವಿಧಿಸುತ್ತದೆ. ಅನುಮತಿಗಿಂತಲೂ ನೋಂದಣಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ನೆರೆಯ ಹತ್ತು ಬಾವಿಗಳು ಎಷ್ಟು ಆಳದಲ್ಲಿ ನೀರು ಕಂಡುವು, ಯಾವ ವರ್ಷ ಬತ್ತಿದುವು ಎಂಬ ದಾಖಲೆಯು, ಬತ್ತಿದವುಗಳನ್ನು ಮರೆಮಾಚದೆ ಬರೆದಿದ್ದರೆ, ಹನ್ನೊಂದನೆಯ ಬಾವಿಯ ಸಂಭವವನ್ನು ಅಳೆಯಲು ಯಾವ ಯಂತ್ರಕ್ಕಿಂತಲೂ ಅಗ್ಗವಾದ ಸಾಧನ.