ಕುದುರೆಯ ನೆತ್ತಿಯ ಮೇಲೊಂದು ಜೀನು

ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ದೇಶದ ಉದ್ದಗಲಕ್ಕೂ ಹಾರುತ್ತದೆ. ಬಹಳ ದಿನ ಹಾರಿದ ಯಾವುದೇ ಬಾವುಟವನ್ನು ಗಮನಿಸಿ. ಮೊದಲು ಹರಿಯುವುದು ಹಗ್ಗಕ್ಕೆ ಬಿಗಿದ ಅಂಚಲ್ಲ, ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಅಂಚು. ಬಟ್ಟೆಯ ಚಾವಣಿ ಕಟ್ಟುವವರು ಕಲಿಯಬೇಕಾದ ಮೊದಲ ಪಾಠ ಇದೇ: ಬಡಿದುಕೊಳ್ಳಲು ಬಿಡಬಾರದು, ಬಿಗಿದು ಹಿಡಿಯಬೇಕು.

ಕುದುರೆ ಸವಾರಿಯ ಅಂಗಳಕ್ಕೆ ಚಾವಣಿ ಹೊದಿಸುವವರಿಗೂ ಈ ಪಾಠ ಬೇಕು. ಧಾರವಾಡದ ಮಳೆಗಾಲದಲ್ಲಿ ಬಯಲಿನ ಸವಾರಿ ಅಂಗಳ ಕೆಸರಾಗುತ್ತದೆ, ಗೊರಸು ಜಾರುತ್ತದೆ. ಏಪ್ರಿಲ್-ಮೇ ಬಿಸಿಲು ಇನ್ನೊಂದು ಕಷ್ಟ. ನೆರಳು ಬೇಕು, ಆದರೆ ನಡುವೆ ಕಂಬ ಇರಬಾರದು. ಕುದುರೆಯ ಕ್ರಮಬದ್ಧ ನಡೆಯ ಸ್ಪರ್ಧೆಯಾದ ಡ್ರೆಸಾಜ್‌ನ ಅಂಗಳದ ಪೂರ್ಣ ಅಳತೆ 20 ಮೀಟರ್ ಅಗಲ, 60 ಮೀಟರ್ ಉದ್ದ. ಇಷ್ಟಗಲವನ್ನು ಕಂಬವಿಲ್ಲದೆ ದಾಟಬೇಕಾದಾಗ ಹಗುರ ಹೊದಿಕೆ ನೆರವಿಗೆ ಬರುತ್ತದೆ. ಪಾಲಿಯೆಸ್ಟರ್ ನೂಲಿನ ನೇಯ್ಗೆಗೆ ಪಿವಿಸಿ ಲೇಪಿಸಿದ ಬಟ್ಟೆ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋ ಮಾತ್ರ ತೂಗುತ್ತದೆ.

ಆದರೆ ಅದೇ ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಹತ್ತು ಕಿಲೋ! ಬಟ್ಟೆ ಜೋಲುತ್ತದೆ, ಜೋತಲ್ಲಿಗೆ ಇನ್ನಷ್ಟು ನೀರು ಹರಿದು ಬರುತ್ತದೆ. ಅದಕ್ಕೇ ಇಂಥ ಚಾವಣಿ ಚಪ್ಪಟೆಯಾಗಿರದು. ಕೆಲವು ಚಾವಣಿಗಳು ಉಕ್ಕಿನ ಕಮಾನುಗಳ ಮೇಲೆ ಬಿಗಿದಿರುತ್ತವೆ, ಕೆಲವಕ್ಕೆ ಕುದುರೆಯ ಜೀನಿನ ಆಕಾರವೇ ಇರುತ್ತದೆ. ಜೀನು ಉದ್ದಕ್ಕೆ ತಗ್ಗಿ, ಅಡ್ಡಕ್ಕೆ ಉಬ್ಬಿರುತ್ತದಲ್ಲ? ಹಾಗೆಯೇ ತಗ್ಗಿದ ದಿಕ್ಕಿನ ನೂಲು ಮಳೆಯ ಭಾರ ಹೊತ್ತರೆ, ಉಬ್ಬಿದ ದಿಕ್ಕಿನ ನೂಲು ಮೇಲಕ್ಕೆಳೆಯುವ ಗಾಳಿಯನ್ನು ತಡೆಯುತ್ತದೆ.

ಬಿಳಿ ಬಟ್ಟೆ ಬೆಳಕಿನ ಹತ್ತನೇ ಒಂದು ಪಾಲನ್ನು ಒಳಗೆ ಬಿಟ್ಟರೂ ಸಾಕು. ನಡುಹಗಲಿನ ಬಯಲಲ್ಲಿ ಲಕ್ಷ ಲಕ್ಸ್ ಬೆಳಕಿದ್ದರೆ ಒಳಗೆ ಹತ್ತು ಸಾವಿರ ಉಳಿಯುತ್ತದೆ. ಕಚೇರಿಗಳಿಗೆ ಐದುನೂರು ಧಾರಾಳ. ಚೂಪು ನೆರಳೂ ಬೀಳುವುದಿಲ್ಲ. ಕುದುರೆಯ ಕಣ್ಣು ಬೆಳಕಿನಿಂದ ಕತ್ತಲಿಗೆ ನಮ್ಮದಕ್ಕಿಂತ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಕತ್ತಲ ತಗಡಿನ ಶೆಡ್ಡಿನ ಬಾಗಿಲಲ್ಲಿ ಅದು ಅಳುಕಿ ನಿಲ್ಲುವುದು ಹಟಮಾರಿತನದಿಂದಲ್ಲ.

ಆದರೆ ಎಲ್ಲ ಬದಿಗಳನ್ನೂ ಮುಚ್ಚಬೇಡಿ. ಕುದುರೆ ಮೂಗಿನಿಂದಷ್ಟೇ ಉಸಿರಾಡಬಲ್ಲದು, ಬಾಯಿಂದ ಆಗದು. ಅಂಗಳದ ದೂಳು ಅದರ ಪುಪ್ಪುಸಕ್ಕೂ ಇಳಿಯುತ್ತದೆ. ಮುಂಗಾರು ನುಗ್ಗುವ ಪಡುವಣ ದಿಕ್ಕಿಗೆ ಮರೆ ಇರಲಿ, ಉಳಿದ ಕಡೆ ಗಾಳಿ ಆಡಲಿ, ನೆತ್ತಿಯಲ್ಲೊಂದು ಕಿಂಡಿಯೂ ಇರಲಿ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇರುವುದು ಮೇಲಲ್ಲ, ನೆಲದಲ್ಲಿ. ಸಾಮಾನ್ಯ ಕಟ್ಟಡ ತನ್ನ ತೂಕದಿಂದಲೇ ನಿಲ್ಲುತ್ತದೆ. ಬಟ್ಟೆಯ ಕಟ್ಟಡವನ್ನು ಗಾಳಿ ಎತ್ತಿಕೊಂಡು ಹೋಗದಂತೆ ಹಿಡಿಯಬೇಕು. ಗಾಳಿಯ ವೇಗ ಎರಡುಪಟ್ಟಾದರೆ ಅದರ ಒತ್ತಡ ನಾಲ್ಕುಪಟ್ಟು. ಧಾರವಾಡದ ಪಡುವಣ ಮಗ್ಗುಲಿನ ಮಸಾರಿ ನೆಲ ಒಂದು ಬಗೆ, ಹುಬ್ಬಳ್ಳಿಯಿಂದ ನವಲಗುಂದದತ್ತ ಹಬ್ಬಿದ ಎರೆಭೂಮಿ ಇನ್ನೊಂದು ಬಗೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಇಳಿಯುವಷ್ಟು ಬಿರಿಯುತ್ತದೆ. ಮೇಲ್ಮಣ್ಣಿನಲ್ಲಿ ಹೂತ ಗೂಟ ಅಲ್ಲಿ ಸಡಿಲಾಗುವುದು ಖಂಡಿತ. ಗೂಟ ಸಡಿಲಾದರೆ ಬಟ್ಟೆ ಬಾವುಟದಂತೆ ಬಡಿಯತೊಡಗುತ್ತದೆ. ಇಂಥ ನೆಲಕ್ಕಾಗಿಯೇ ನಮ್ಮ ಎಂಜಿನಿಯರುಗಳು ಆಳಕ್ಕೆ ಇಳಿಸುವ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬವನ್ನು ಬಳಸುತ್ತಾರೆ. ಆ ಗಡ್ಡೆ ಮೇಲಕ್ಕೆಳೆಯುವ ಬಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ.

ಆದ್ದರಿಂದ ಇಂಥ ಅಂಗಳ ಕಟ್ಟಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಬಟ್ಟೆಯ ಮಾದರಿ ತುಂಡು ಮುಟ್ಟಿ ನೋಡುವ ಮೊದಲು ನಿಮ್ಮ ಹೊಲದ ಮಣ್ಣಿನ ಪರೀಕ್ಷೆ ಮಾಡಿಸಿ.